ಗಾಲ್ಫಿಗೊಂದು ಬ್ಯಾಡಗಿ ಗಾಡಿ

ಶಂಕ್ರಪ್ಪನವರು ಅಡುಗೆಮನೆಗೆ ಬಂದು ಸಾಸಿವೆ ಡಬ್ಬಿಗೆ ‘ಸಾಸಿವೆ’ ಎಂದು ಚೀಟಿ ಅಂಟಿಸಿದ ದಿನವೇ ಅವರ ಹೆಂಡತಿ ನೀಲಗಂಗವ್ವ ತೀರ್ಮಾನ ಮಾಡಿದರು: ಏನಾದರಾಗಲಿ, ಈ ಮನುಷ್ಯನನ್ನು ಮತ್ತೆ ಗಾಲ್ಫ್ ಮೈದಾನಕ್ಕೆ ಅಟ್ಟಲೇಬೇಕು.

ಮೂವತ್ತೆಂಟು ವರ್ಷದಿಂದ ಆ ಡಬ್ಬಿಯಲ್ಲಿ ಸಾಸಿವೆಯೇ ಇತ್ತು. ಕಣ್ಣು ಮುಚ್ಚಿ ಕೈಚಾಚಿದರೂ ಸಿಗುತ್ತಿತ್ತು. ಈಗ ಒಲೆಯ ಪಕ್ಕದ ಗೂಡಿನಲ್ಲಿ ಅದರ ಜಾಗದಲ್ಲಿ ಅರಿಷಿಣ ಕುಳಿತಿತ್ತು.

“ಅಕ್ಷರಮಾಲಿ ಪ್ರಕಾರ ಇಟ್ಟೇನಿ,” ಎಂದರು ಶಂಕ್ರಪ್ಪನವರು. “ಸ್ಟೋರಿನ್ಯಾಗ ನಟ್ಟು ಬೋಲ್ಟು ಹಿಂಗ ಇಡತಿದ್ವಿ. ಯಾರು ಬಂದ್ರೂ ಹುಡುಕಬಾರ್ದು.”

“ಯಾರು ಬರ್ತಾರ ನನ್ನ ಅಡಿಗಿಮನಿಗೆ? ಎಣ್ಣಿ ಕಾದು ಹೊಗಿ ಬರಾಕತ್ತೈತಿ. ಸಾಸಿವಿ ಎಲ್ಲಿ?”

“ಕಡೀ ಸಾಲು. ಓದಿ ನೋಡು.”

ಇದು ಎರಡು ಸಾವಿರದ ಏಳನೆಯ ಇಸವಿಯ ಮಾತು. ಶಂಕ್ರಪ್ಪನವರು ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಫಿಟ್ಟರ್ ಆಗಿ ಸೇರಿ ಫೋರ್‌ಮನ್ ಆಗಿ ಹೊರಬಿದ್ದು, ರಾಣೆಬೆನ್ನೂರಿನಲ್ಲಿ ಮನೆ ಕಟ್ಟಿಕೊಂಡಿದ್ದರು. ಕಾರ್ಖಾನೆಯ ಕಾಲೊನಿಯಲ್ಲಿ, ಹೊಳೆಯ ಕಡೆಗೆ, ಒಂಬತ್ತು ಕುಳಿಗಳ ಪುಟ್ಟ ಗಾಲ್ಫ್ ಮೈದಾನವೊಂದಿತ್ತು. ಹುಲ್ಲು ಕತ್ತರಿಸುವ ಯಂತ್ರ ಕೆಟ್ಟಿತೆಂದು ರಿಪೇರಿಗೆ ಹೋದ ಇವರನ್ನು, ಆಟಕ್ಕೆ ನಾಲ್ಕನೆಯವರಿಲ್ಲದೆ ಒದ್ದಾಡುತ್ತಿದ್ದ ಸಾಹೇಬರೊಬ್ಬರು ಕರೆದು ಕೈಗೆ ಕೋಲು ಕೊಟ್ಟಿದ್ದರು. ಮೊದಲ ಏಟಿಗೇ ಚೆಂಡು ನೆಟ್ಟಗೆ ಹೋಯಿತಂತೆ. ಚಿಕ್ಕಂದಿನಲ್ಲಿ ಚಿಣಿಫಣಿ, ಅಂದರೆ ಚಿನ್ನಿದಾಂಡು, ಆಡಿದ ಕೈ ತಾನೆ! ಆವತ್ತು ಹಿಡಿದ ಹುಚ್ಚು ಬಿಟ್ಟಿರಲಿಲ್ಲ. ನಿವೃತ್ತಿಯಾದ ಮೇಲೂ ಐತವಾರ ಬೆಳಗಿನ ಮೊದಲ ಬಸ್ಸಿಗೆ ಕೋಲಿನ ಚೀಲ ಹೊತ್ತು ಹೊರಟುಬಿಡುತ್ತಿದ್ದರು. ಅಲ್ಲಿ ಹಳೆಯ ಗೆಳೆಯ, ಟೈಮ್‌ಕೀಪರ್ ಆಗಿದ್ದ ಅಂದಾನೆಪ್ಪ ಕಾದಿರುತ್ತಿದ್ದರು. ಇಬ್ಬರೂ ಮಧ್ಯಾಹ್ನದವರೆಗೆ ಆಡಿ, ಜಗಳವಾಡಿ, ಬೆವರಿ, ಹಸಿದು ಮನೆಗೆ ಬರುತ್ತಿದ್ದರು.

ಮೂರು ತಿಂಗಳ ಹಿಂದೆ ಹರ್ನಿಯಾ ಎಂದು ಆಪರೇಶನ್ ಆಯಿತು. ಡಾಕ್ಟರು ಹೇಳಿದ್ದು ಒಂದೇ ಮಾತು: “ನಡೀರಿ, ಎಷ್ಟು ಬೇಕಾದ್ರೂ ನಡೀರಿ. ಮೂರು ತಿಂಗಳಾದ ಮ್ಯಾಲೆ ಆಡ್ರಿ. ಐದು ಕಿಲೋದ ಮ್ಯಾಲೆ ಮಾತ್ರ ಏನೂ ಎತ್ತಬ್ಯಾಡ್ರಿ.” ಕೋಲಿನ ಚೀಲವೋ ಹನ್ನೊಂದು ಕಿಲೋ. ಮೊದಲು ಚೀಲ ಹೊರಲು ಆಳುಗಳು ಸಿಗುತ್ತಿದ್ದರು. ಈಗ ಅವರೆಲ್ಲ ರಾಣೆಬೆನ್ನೂರಿನ ಬೀಜದ ಕಂಪನಿಗಳ ಕೆಲಸಕ್ಕೆ ಸೇರಿದ್ದರು. ಅಂದಾನೆಪ್ಪನವರಿಗೆ ತಮ್ಮ ಚೀಲ ಹೊರುವುದೇ ಸಾಕಾಗಿತ್ತು.

ಡಬ್ಬಿಗಳ ಕಾಟವನ್ನಾದರೂ ನೀಲಗಂಗವ್ವ ಸಹಿಸುತ್ತಿದ್ದರೇನೋ. ಆದರೆ ಅದೇ ಸಂಜೆ ಶಂಕ್ರಪ್ಪನವರು ಪಡಸಾಲೆಯ ಮೂಲೆಯಲ್ಲಿದ್ದ ಚೀಲದ ಕಡೆ ಕೂಡ ನೋಡದೆ, “ಆಡಿದ್ದು ಸಾಕು. ಅದನ್ನ ಯಾರಿಗರ ಕೊಟ್ಟುಬಿಡೂಣು,” ಎಂದರು. ಸಿಟ್ಟಿಲ್ಲ, ಬೇಸರವಿಲ್ಲ, ಹಳೇ ಪೇಪರ್ ತೂಕಕ್ಕೆ ಹಾಕೋಣ ಎಂಬ ದನಿ. ಜಗಳಗಂಟ ಗಂಡನ ಜೊತೆ ಬಾಳುವೆ ಮಾಡುವುದು ನೀಲಗಂಗವ್ವನಿಗೆ ಗೊತ್ತಿತ್ತು. ಯಾವುದೂ ಬೇಡವೆನ್ನುವ ಗಂಡನ ಜೊತೆ ಹೇಗೆಂದು ಗೊತ್ತಿರಲಿಲ್ಲ.

ಮರುದಿನವೇ ಹಾವೇರಿಯಲ್ಲಿದ್ದ ಮಗಳು ಭುವನಾಳಿಗೆ ಫೋನು ಹೋಯಿತು. ಅವಳು ಇಂಟರ್‌ನೆಟ್ ಅಂಗಡಿಯಲ್ಲಿ ಕುಳಿತು ಹುಡುಕಿ, ಹಾಳೆಗಳನ್ನು ಪ್ರಿಂಟ್ ತೆಗೆಸಿಕೊಂಡು ಬಂದಳು.

“ಅಪ್ಪಾ, ಇಂಗ್ಲೆಂಡಿನ್ಯಾಗ ಬ್ಯಾಟರಿ ಗಾಡಿ ಸಿಗತಾವ. ಚೀಲ ಅದರ ಮ್ಯಾಲೆ ಇಟ್ಟು ಸ್ವಿಚ್ ಹಾಕಿದ್ರ ತಾನ ಹೋಗತೈತಿ. ನೀ ಹಿಂದ ಹಿಂದ ಕೈ ಬೀಸಿಕೋತ ನಡಿ.”

ಶಂಕ್ರಪ್ಪನವರು ಕನ್ನಡಕ ಏರಿಸಿದರು. ಬೆಳ್ಳಗೆ ಮಿರುಗುವ ಗಾಡಿಗಳು. ಪಕ್ಕದಲ್ಲಿ ಟೋಪಿ ಹಾಕಿದ ಕೆಂಪು ಮೋರೆಯವರು. ಮೂರು ತಿಂಗಳಲ್ಲಿ ಮೊದಲ ಸಲ ಅವರ ಹುಬ್ಬು ಮೇಲೆ ಹೋಯಿತು. “ಎಷ್ಟಂತ?”

“ಎಲ್ಲಾಕಿಂತ ಸೋವಿದು ಮುನ್ನೂರು ಪೌಂಡು. ನಮ್ಮ ಇಪ್ಪತ್ತೈದು ಸಾವಿರ. ಹಡಗದ ಬಾಡಿಗಿ, ಸುಂಕ ಬ್ಯಾರೆ.”

“ಅಷ್ಟರಾಗ ಎರಡು ಹಳೇ ಲೂನಾ ಮೊಪೆಡ್ಡು ಬರತಾವ,” ಎಂದು ಹಾಳೆ ಮಡಚಿದರು ಶಂಕ್ರಪ್ಪನವರು. ಹುಬ್ಬು ತನ್ನ ಜಾಗಕ್ಕೆ ಇಳಿಯಿತು.

ನೀಲಗಂಗವ್ವ ಆ ಹುಬ್ಬನ್ನು ನೋಡಿದ್ದರು. ಬಳೆಗೆಂದು ತೆಗೆದಿಟ್ಟಿದ್ದ ಐದು ಸಾವಿರ ಅವರ ಬಳಿ ಇತ್ತು. “ಐದರೊಳಗ ಯಾವುದರ ಐತೇನು ನೋಡವ್ವ,” ಎಂದು ಮಗಳಿಗೆ ಹೇಳಿದರು. ಭುವನಾ ವಾರದೊಳಗೆ ಪತ್ತೆ ಹಚ್ಚಿದಳು: ಹಾವೇರಿಯ ಶಶಿಕಾಂತ ಎಂಬ ರಸ್ತೆ ಗುತ್ತಿಗೆದಾರರು ದುಬೈಗೆ ಹೋದಾಗ ಅಂಥದೊಂದು ಗಾಡಿ ತಂದಿದ್ದಾರೆ, ಮಾರುತ್ತಾರಂತೆ.

ಮೂವರೂ ಹೋದರು. ಗಾಡಿ ನಿಜವಾಗಿಯೂ ಚೆಂದವಿತ್ತು. ಅದರ ಮೇಲೆ ಗ್ಯಾಸ್ ಸಿಲಿಂಡರ್ ಕುಳಿತಿತ್ತು.

“ಆಡಾಕಂತ ತಂದೆ, ಟೈಮ್ ಎಲ್ಲಿರಿ?” ಎಂದರು ಶಶಿಕಾಂತರು ಸಿಲಿಂಡರ್ ಇಳಿಸುತ್ತಾ. “ಮನಿಯಾಕಿ ಸಿಲಿಂಡರ್ ತಳ್ಳಾಕ ಇಟ್ಕೊಂಡಾಳ. ಒಂಬತ್ತು ಸಾವಿರ ಕೊಡ್ರಿ, ಒಯ್ರಿ.”

ಶಂಕ್ರಪ್ಪನವರು ಗಾಡಿಯ ಹಿಡಿಕೆಯನ್ನು ಮೊಮ್ಮಗುವಿನ ಕೆನ್ನೆ ಸವರಿದಂತೆ ಸವರಿದರು. ನೀಲಗಂಗವ್ವ ಸವರಲಿಲ್ಲ. ಸಂತೆಯಲ್ಲಿ ಕುಂಬಳಕಾಯಿ ಕೊಳ್ಳುವಾಗ ಮಾಡುವುದನ್ನೇ ಮಾಡಿದರು: ಎತ್ತಿ ನೋಡಿದರು. ಸೊಂಟ ಹಿಡಿದಂತಾಯಿತು.

“ಎಷ್ಟು ಭಾರ ಐತ್ರಿ ಇದು?”

“ಬ್ಯಾಟರಿ ಸೇರಿ ಹದಿನೆಂಟು ಕಿಲೋ ಆದೀತ್ರಿ. ಗಟ್ಟಿ ಮಾಲು.”

“ಕಳಚತೈತೇನ್ರಿ?”

“ಇಲ್ರಿ, ಒಂದ ಪೀಸು.”

ನೀಲಗಂಗವ್ವ ಗಂಡನ ಕಡೆ ತಿರುಗಿದರು. “ಹನ್ನೊಂದು ಕಿಲೋದ ಚೀಲ ಎತ್ತಬಾರ್ದು ಅಂತ ಹದಿನೆಂಟು ಕಿಲೋದ ಗಾಡಿ ತೊಗೋತೀರಿ. ಇದನ್ನ ಬಸ್ಸಿಗೆ ಏರಸಾಕ ಇನ್ನೊಂದು ಗಾಡಿ ತರೂಣೇನು?”

ಭುವನಾ ಸೆರಗು ಬಾಯಿಗೆ ಒತ್ತಿಕೊಂಡಳು. ಶಶಿಕಾಂತರು ಸ್ವಿಚ್ ಹಾಕಿ ತೋರಿಸಿದರು. ಗಾಡಿ ತುಳಸಿಕಟ್ಟೆಯವರೆಗೆ ಗಂಭೀರವಾಗಿ ಹೋಯಿತು, ಕೆಮ್ಮಿತು, ನಿಂತಿತು. ಬ್ಯಾಟರಿ ಮುಗಿದಿತ್ತು. ಹೊಸದು ಎಲ್ಲಿ ಸಿಗುತ್ತದೆಂದು ಅವರಿಗೂ ಗೊತ್ತಿರಲಿಲ್ಲ. “ದುಬೈದಾಗ ಸಿಗಬಹುದ್ರಿ,” ಎಂದರು.

ಬಸ್ಸಿನಲ್ಲಿ ಶಂಕ್ರಪ್ಪನವರು ಕಿಟಕಿಗೆ ಮುಖ ಹಾಕಿ ಕುಳಿತರು. “ನಾ ಹೇಳಿದ್ದಿಲ್ಲೇನು, ಬಿಟ್ಟುಬಿಡು ಅಂತ?”

ನೀಲಗಂಗವ್ವ ಬಿಟ್ಟುಬಿಡುವ ಪೈಕಿಯಲ್ಲ. ಬೇಡವಾದದ್ದು ಯಾವುದೆಂದು ಗೊತ್ತಾದ ಮೇಲೆ ಬೇಕಾದದ್ದು ತಾನಾಗಿ ಗೊತ್ತಾಗುತ್ತದೆ. ಗಾಡಿ ಕಳಚಬೇಕು. ಕಳಚಿದ ಒಂದೊಂದು ತುಂಡೂ ಐದು ಕಿಲೋದೊಳಗೆ ಬರಬೇಕು. ಬ್ಯಾಟರಿ ರಾಣೆಬೆನ್ನೂರಿನಲ್ಲೇ ಸಿಗಬೇಕು. ಇಂಥದ್ದನ್ನು ಯಾರು ಮಾರುತ್ತಾರೆ? ಯಾರೂ ಮಾರುವುದಿಲ್ಲ. ಹಾಗಾದರೆ ಮಾಡುವವರು ಯಾರು? ಪ್ರತಿ ವರ್ಷ ಖಾರದ ಪುಡಿಗೆ ಮೆಣಸಿನಕಾಯಿ ತರಲು ಬ್ಯಾಡಗಿಗೆ ಹೋಗುತ್ತಿದ್ದ ಅವರಿಗೆ, ಅಲ್ಲಿಯ ಮಾರುಕಟ್ಟೆಯಲ್ಲಿ ಹಮಾಲರು ಚೀಲ ಸಾಗಿಸುವ ಕಬ್ಬಿಣದ ತಳ್ಳುಗಾಡಿಗಳು ಕಣ್ಣಮುಂದೆ ಬಂದವು.

ಮೋಟೆಬೆನ್ನೂರು ದಾಟಿ ಬಸ್ಸು ಬ್ಯಾಡಗಿ ಹೊಕ್ಕರೆ ಸಾಕು, ಮೂಗೇ ದಾರಿ ತೋರಿಸುತ್ತದೆ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಗೂಡುಸಾಬರ ವೆಲ್ಡಿಂಗ್ ಅಂಗಡಿ. ಅಲ್ಲಿಯ ಗಾಡಿಗಳೆಲ್ಲ ಅವರ ಕೈಯಲ್ಲೇ ಹುಟ್ಟಿದವು. ಗಂಡನನ್ನೂ ಕರೆದುಕೊಂಡು ಬಂದಿದ್ದ ನೀಲಗಂಗವ್ವ ಹೇಳಿದ್ದನ್ನೆಲ್ಲ ಕೇಳಿ, ಭುವನಾ ತಂದಿದ್ದ ಹಾಳೆಯ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಅವರು ಒಂದು ಸೀನು ಸೀನಿದರು.

“ಅಕ್ಕಾರ, ನಲವತ್ತು ವರ್ಷದಾಗ ಬರೇ ಮೆಣಸಿನಕಾಯಿ ಸಾಗಸೂ ಗಾಡಿ ಮಾಡೇನಿ. ಕೋಲು ಸಾಗಸೂ ಗಾಡಿ ಇದ ಮೊದಲು. ಕಾರಿನ ಫ್ಯಾನಿನ ಮೋಟಾರು ಹಾಕಿ, ಚೈನು ಕೂಡಸತೇನಿ. ಬ್ಯಾಟರಿ ಮೋಟರ್‌ಸೈಕಲ್‌ದು. ಮೂರು ತುಂಡು ಮಾಡಿ ಕೊಡಲೇನು?”

“ಒಂದೊಂದೂ ಐದು ಕಿಲೋದೊಳಗ.”

“ತಕ್ಕಡ್ಯಾಗ ತೂಗಿ ಕೊಡತೇನಿ. ನಾಲ್ಕು ಸಾವಿರ.”

“ಮೂರೂವರಿ.”

“ಅಕ್ಕಾರ, ನಮ್ಮ ಮನಿಯಾಕಿ ಮುಮ್ತಾಜಬಿನೂ ಹಿಂಗ ಚೌಕಾಸಿ ಮಾಡೂದಿಲ್ರಿ.”

“ಆಕಿ ನಿಮ್ಮ ಕೂಡ ಸಂಸಾರ ಮಾಡ್ತಾಳಲ್ರಿ, ಅದ ದೊಡ್ಡ ರಿಯಾಯಿತಿ. ಮೂರೂವರಿ.”

ಗೂಡುಸಾಬರು ನಗುತ್ತಾ ಒಪ್ಪಿದರು. ಹೊಸ ಮಾಲಿನ ಮೂಗಿಳಿಯುವ ಘಾಟಿನ ನಡುವೆಯೇ ಶಂಕ್ರಪ್ಪನವರು ಪೈಪಿನ ದಪ್ಪ, ಚೈನಿನ ಹಲ್ಲು ಎಂದು ಅವರೊಡನೆ ವಾದಕ್ಕೆ ಇಳಿದಿದ್ದರು. ನೀಲಗಂಗವ್ವ ಕಣ್ಣೀರು ಒರೆಸಿಕೊಂಡು, ಇದು ಮೆಣಸಿನಕಾಯಿಯದು ಎಂದು ತಮಗೆ ತಾವೇ ಹೇಳಿಕೊಂಡರು.

ಎಂಟು ದಿನಕ್ಕೆ, ಒಂದು ಸೋಮವಾರ, ಗಾಡಿ ಸಿದ್ಧ ಎಂದು ಫೋನು ಬಂತು.

“ಚೀಲ ತೊಗೊಂಡು ಹೋಗೂಣ್ರಿ. ಇಟ್ಟು ನೋಡೂಣು. ನಾ ಹೊರತೇನಿ,” ಎಂದರು ನೀಲಗಂಗವ್ವ.

“ಸೋಮವಾರ ಪ್ಯಾಟಿ ತುಂಬ ಮಂದಿ ಇರ್ತಾರ. ಆ ಕೋಲು ನೋಡಿ, ‘ಏನ್ರಿ, ಮೆಣಸಿನಕಾಯಿ ಬಡ್ಯಾಕ ಬಂದೀರೇನು’ ಅಂತಾರ. ಬ್ಯಾಡ, ಬ್ಯಾಡ.”

ಚೀಲ ಮನೆಯಲ್ಲೇ ಉಳಿಯಿತು.

ಗಾಡಿ ಅಂಗಡಿಯ ಮುಂದೆ ಹಸಿರು ಬಣ್ಣ ಬಳಿದುಕೊಂಡು ನಿಂತಿತ್ತು. ಹಿಂದೆ ಎರಡು ದೊಡ್ಡ ಗಾಲಿ, ಮುಂದೆ ಒಂದು ಸಣ್ಣದು, ಕೆಳಗೆ ಚೀಲ ಕೂರಿಸಲು ಅಗಲವಾದ ತಟ್ಟೆ. ಹಿಡಿಕೆಗೆ ಮನೆಯ ದೀಪಕ್ಕೆ ಹಾಕುವ ಬಿಳಿಯ ಸ್ವಿಚ್ಚು. ಗೂಡುಸಾಬರು ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟರು. “ಗಿರಾಕಿ ಯಾರ ಇರ್ಲಿ, ಲಿಂಬಿಹಣ್ಣು ಅಂಗಡೀದು,” ಎಂದರು. ಆಮೇಲೆ ಪಕ್ಕದ ದಲಾಲಿ ಅಂಗಡಿಗೆ ಕೂಗಿ ಒಂದು ತುಂಬಿದ ಚೀಲ ತರಿಸಿದರು. ಬ್ಯಾಡಗಿಯಲ್ಲಿ ಅದೇ ವಾಡಿಕೆ. ತುಂಬಿದ ಮೆಣಸಿನಕಾಯಿ ಚೀಲ ಹೊತ್ತು ಓಣಿಯ ತುದಿಗೆ ಹೋಗಿ ಬಾರದ ಗಾಡಿಯನ್ನು ಅಲ್ಲಿ ಯಾರೂ ಮಾರುವುದಿಲ್ಲ, ಯಾರೂ ಕೊಳ್ಳುವುದಿಲ್ಲ.

ಸ್ವಿಚ್ಚು ಟಕ್ ಎಂದಿತು. ನಲವತ್ತು ಕಿಲೋದ ಚೀಲ ಹೊತ್ತು ಗಾಡಿ ಗಬ್ಬದ ಎಮ್ಮೆಯಂತೆ ಅವಸರವಿಲ್ಲದೆ ಹೊರಟಿತು. ನೀಲಗಂಗವ್ವ ಜೊತೆಗೇ ನಡೆದು ನೋಡಿದರು. ಹೆಜ್ಜೆಗೆ ಹೆಜ್ಜೆ ಸರಿಯಾಗಿತ್ತು. ಹಮಾಲರು ಕೆಲಸ ಬಿಟ್ಟು ನಿಂತರು. “ನಮಗೂ ಒಂದು ಮಾಡಿ ಕೊಡ ಗೂಡುಸಾಬಾ, ಬೆನ್ನು ಉಳೀತೈತಿ,” ಎಂದ ಒಬ್ಬ. ಮೂರು ತುಂಡಾಗಿ ಕಳಚಿ, ತಕ್ಕಡಿಯಲ್ಲಿ ತೂಗಿ, ಗೋಣಿತಟ್ಟಿನಲ್ಲಿ ಸುತ್ತಿ, ಗಂಡ ಹೆಂಡತಿ ಬಸ್ಸು ಹತ್ತಿದರು. ಶಂಕ್ರಪ್ಪನವರು ಆ ವಾರ ಒಂದು ಡಬ್ಬಿಯನ್ನೂ ಮುಟ್ಟಲಿಲ್ಲ.

ಐತವಾರ ನೀಲಗಂಗವ್ವನೂ ಹೊರಟರು. ಕೋಲಿನ ಚೀಲವನ್ನು ಬಸ್ಸಿಗೆ ಏರಿಸಿ ಇಳಿಸುವವರು ಬೇಕಲ್ಲ! ಇಷ್ಟು ವರ್ಷದಲ್ಲಿ ಅವರು ಆ ಮೈದಾನ ನೋಡಿದ್ದು ಅದೇ ಮೊದಲು. ಹಸಿರು, ತಂಪು, ಹೊಳೆಯ ಗಾಳಿ. ಅಂದಾನೆಪ್ಪನವರು ದೂರದಿಂದಲೇ ಕೂಗಿದರು:

“ಏನಲೇ ಶಂಕ್ರ್ಯಾ, ಮೆಣಸಿನಕಾಯಿ ವ್ಯಾಪಾರ ಸುರು ಮಾಡೀಯೇನು? ನಮಸ್ಕಾರ್ರಿ ವೈನಿ!”

“ನೋಡ್ತಿರು,” ಎಂದರು ಶಂಕ್ರಪ್ಪನವರು. ಆಗಲೇ ಇನ್ನೂ ಏಳೆಂಟು ಮಂದಿ ಆಟಗಾರರು ಸುತ್ತ ನೆರೆದಿದ್ದರು. ಗಾಡಿ ಜೋಡಿಸಿ, ಚೀಲ ಇಟ್ಟು, ಬೆಲ್ಟು ಬಿಗಿದು, ಒಂದು ಸಲ ಎಲ್ಲರ ಮುಖ ನೋಡಿ, ಸ್ವಿಚ್ಚು ಒತ್ತಿದರು.

ಟಕ್.

ಗಾಡಿ ಅವರ ಕೈಯಿಂದ ಕಿತ್ತುಕೊಂಡು ಹೋಯಿತು. ಹೋರಿ ಹಗ್ಗ ಹರಿದಂತೆ, ಕೋಲುಗಳು ಗಲಗಲ ಸದ್ದು ಮಾಡುತ್ತಾ, ಇಳಿಜಾರಿನಲ್ಲಿ ಓಡಿತು. ಮನೆಯ ದೀಪದ ಸ್ವಿಚ್ಚಲ್ಲವೇ, ಕೈ ಬಿಟ್ಟರೂ ಆರುವುದಿಲ್ಲ.

“ಹಿಡೀರಲೇ! ಹಿಡೀರಿ!” ಎಂದರು ಅಂದಾನೆಪ್ಪನವರು.

“ನೀವು ಓಡಬ್ಯಾಡ್ರಿ!” ಎಂದು ಗಂಡನಿಗೆ ಹೇಳಿ ನೀಲಗಂಗವ್ವ ನೆರಿಗೆ ಎತ್ತಿ ಕಟ್ಟಿ ತಾವೇ ಓಡಿದರು. ಅವರಿಗಿಂತ ಮುಂದೆ ಮೈದಾನದ ಮಾಲಿ ಮೈಲಪ್ಪ ಓಡಿದ. ಇಬ್ಬರಿಗೂ ಸಿಗದೆ ಗಾಡಿ ಒಂದು ದೊಡ್ಡ ಮರಳಿನ ಗುಂಡಿಗೆ ಇಳಿದು, ಗಾಲಿ ಹೂತುಕೊಂಡು, ಗುರ್ ಎನ್ನುತ್ತಾ ಮರಳು ಹಾರಿಸತೊಡಗಿತು. ಮೈಲಪ್ಪ ಸ್ವಿಚ್ಚು ಆರಿಸಿದ.

ನೀಲಗಂಗವ್ವ ಏದುಸಿರು ಬಿಡುತ್ತಾ ಗುಂಡಿಯನ್ನು ನೋಡಿದರು. “ಇಷ್ಟು ಚೆಂದ ಹುಲ್ಲಿನ ನಡುವ ಇದ್ಯಾಕ ತೋಡೀರಿ?”

“ಚೆಂಡು ಬಿದ್ದು ಆಟ ಕಷ್ಟ ಆಗ್ಲಿ ಅಂತ್ರಿ ಅವ್ವಾರ.”

“ಬೇಕಂತ?”

“ಹೂನ್ರಿ, ಬೇಕಂತ.”

“ಶಾಣ್ಯಾರಿದ್ದೀರಿ,” ಎಂದರು ಅವರು.

ಮೇಲೆ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಯಾರಿಗೂ ಕೆಡುಕಿನ ಮನಸ್ಸಿರಲಿಲ್ಲ. ಆದರೆ ಶಂಕ್ರಪ್ಪನವರ ಕಿವಿ ಕೆಂಪಗಾಗಿತ್ತು. ಮೆಲ್ಲಗೆ ಇಳಿದು ಬಂದು, ಯಾರನ್ನೂ ನೋಡದೆ, “ಸಾಕು ನೀಲಾ. ನಡಿ ಮನಿಗೆ,” ಎಂದರು. “ಆ ಕೋಲು ಮೈಲಪ್ಪಗ ಕೊಡು. ಬಳ್ಳಿಗೆ ಆಸರ ನಿಲ್ಲಸಲಿ.”

ಮತ್ತೆ ಅದೇ ದನಿ, ಹಳೇ ಪೇಪರಿನ ದನಿ. ಈಗ ಇವರನ್ನು ಮನೆಗೆ ಕರೆದೊಯ್ದರೆ ಇನ್ನೆಂದೂ ಇತ್ತ ಬರುವುದಿಲ್ಲವೆಂದು ನೀಲಗಂಗವ್ವನಿಗೆ ಹೊಳೆಯಿತು. ಅವರು ಮರಳಿನ ಅಂಚಿನಲ್ಲಿ ಕುಳಿತುಬಿಟ್ಟರು.

“ಕುಂದ್ರಿ. ಒಂದು ಮಾತು ಕೇಳತೇನಿ. ಮೊನ್ನಿ ಬ್ಯಾಡಗ್ಯಾಗ ಈ ಗಾಡಿ ಹೆಂಗ ನಡೀತು?”

“ಸರಿ ನಡೀತು.”

“ಇದ ಗಾಡಿ, ಇದ ಬ್ಯಾಟರಿ. ಆವತ್ತು ಮ್ಯಾಲೆ ಏನಿತ್ತು?”

“ಮೆಣಸಿನಕಾಯಿ ಚೀಲ. ನಲವತ್ತು ಕಿ...” ಶಂಕ್ರಪ್ಪನವರ ಬಾಯಿ ಅರ್ಧಕ್ಕೇ ನಿಂತಿತು. ಗಾಡಿಯ ಮೇಲಿನ ಹನ್ನೊಂದು ಕಿಲೋ ಚೀಲವನ್ನು ನೋಡಿದರು. ಹಣೆ ಬಡಿದುಕೊಂಡರು. “ಲೋಡು! ಭಾರ ಇದ್ರ ನಡೀತೈತಿ, ಇಲ್ಲಂದ್ರ ಓಡತೈತಿ!”

“ಮೂವತ್ತೊಂದು ವರ್ಷ ಕಾರ್ಖಾನ್ಯಾಗ ಇದ್ದಾಂವಗ ಹೆಂಡ್ತಿ ಹೇಳಬೇಕಾತು ನೋಡ್ರಿ,” ಎಂದರು ಹಿಂದೆ ಬಂದು ನಿಂತಿದ್ದ ಅಂದಾನೆಪ್ಪನವರು. “ಎರಡು ಕಲ್ಲು ಹೇರೂಣ ತಡಿ.”

“ಕಲ್ಲು ಎತ್ತಿ ಇಡಾವ್ರು ಯಾರ್ರಿ, ವಾರಾ ವಾರಾ?” ಎಂದರು ನೀಲಗಂಗವ್ವ. ಅವರ ಕಣ್ಣು ಆಚೆ ಗಿಡಗಳ ಬುಡದಲ್ಲಿ ಹರಿಯುತ್ತಿದ್ದ ನೀರಿನ ಪೈಪಿನ ಮೇಲಿತ್ತು. “ಮೈಲಪ್ಪಾ, ಖಾಲಿ ಕ್ಯಾನು ಅದಾವೇನಪಾ? ಪೈಪು ಇಲ್ಲೀಮಟಾ ಬರತೈತೇನು?”

ಕ್ಯಾನು ಎತ್ತಬೇಕಾಗಿಯೇ ಇರಲಿಲ್ಲ. ಹದಿನೈದು ಲೀಟರಿನ ಎರಡು ಖಾಲಿ ಕ್ಯಾನುಗಳನ್ನು ತಟ್ಟೆಯ ಮೇಲೆ ಚೀಲದ ಎರಡೂ ಬದಿಗೆ ಕಟ್ಟಿ, ಪೈಪಿನಿಂದ ಅಲ್ಲೇ ನೀರು ತುಂಬಿದರಾಯಿತು. ಮೊದಲು ಅರ್ಧರ್ಧ ತುಂಬಿದರು. ಗಾಡಿ ಕುದುರೆಯ ದುಡುಕಿ ಓಟದಲ್ಲಿ ಹೋಯಿತು. ಮೈಲಪ್ಪ ಹಿಡಿದು ತಂದ. “ಇನ್ನ ಸ್ವಲ್ಪ ಹಾಕು,” ಎಂದರು ನೀಲಗಂಗವ್ವ. ಹಿಟ್ಟು ನಾದುವಾಗ ನೀರು ಎಷ್ಟು ಬೇಕೆಂದು ಕೈಗೆ ತಿಳಿಯುವುದಿಲ್ಲವೇ, ಹಾಗೆ ನೋಡುತ್ತಾ ನೋಡುತ್ತಾ, “ಸಾಕು,” ಎಂದರು. ಕ್ಯಾನಿನ ಕಂಠಕ್ಕೆ ನಾಲ್ಕು ಬೆರಳು ಕಡಿಮೆ.

ಟಕ್.

ಗಾಡಿ ನಡೆಯಿತು. ಶಂಕ್ರಪ್ಪನವರು ಹಿಡಿಕೆಗೆ ಒಂದು ಕೈ ಹಚ್ಚಿ ಹಿಂದೆ ನಡೆದರು. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರು. ಈಗ ಯಾರೂ ನಗುತ್ತಿರಲಿಲ್ಲ. ಆಟಗಾರರಲ್ಲೊಬ್ಬರು, “ಎಲ್ಲಿ ಮಾಡಿಸಿದ್ರಿ? ನನಗೂ ಅಡ್ರೆಸ್ ಕೊಡ್ರಿ,” ಎಂದು ಬೆನ್ನು ಹತ್ತಿದರು.

“ಸ್ವಿಚ್ಚು ಬದಲಿ ಮಾಡಸಬೇಕ್ರಿ,” ಎಂದು ಶಂಕ್ರಪ್ಪನವರು ಅವರಿಗೆ ಪಾಠ ಹೇಳತೊಡಗಿದರು. “ಬಾಗಲದ ಗಂಟಿ ಬಟನ್ ಹಾಕಿದ್ರ ಕೈ ಬಿಟ್ಟ ಕೂಡ್ಲೇ ನಿಲ್ಲತೈತಿ. ನಾ ಡಿಸೈನ್ ಮಾಡೇನಿ.”

ನೀಲಗಂಗವ್ವ ಮರದ ನೆರಳಿನಲ್ಲಿ ಕುಳಿತು ರೊಟ್ಟಿಯ ಗಂಟು ಬಿಚ್ಚಿದರು. ಆಟ ಅವರಿಗೆ ತಿಳಿಯಲಿಲ್ಲ. ಆದರೆ ಐದನೆಯ ಕುಳಿಯ ಹತ್ತಿರ ಶುರುವಾದ ಜಗಳ ಚೆನ್ನಾಗಿ ಕೇಳಿಸಿತು.

“ಚೆಂಡು ಕಾಲಿಲೆ ಸರಿಸಿದಿ! ನಾ ನೋಡೇನಿ!”

“ಗಾಳಿಗೆ ಸರೀತಲೇ!”

“ನಿನ್ನ ಚಪ್ಪಲ್ಯಾಗ ಗಾಳಿ ಬೀಸತೈತೇನು, ಅಂದಾನ್ಯಾ?”

ಆಹಾ, ಎಂದುಕೊಂಡು ಅವರು ರೊಟ್ಟಿಗೆ ಶೇಂಗಾಚಟ್ನಿ ಸವರಿದರು.

ಶಂಕ್ರಪ್ಪನವರು ಒಂದು ಏಟಿನಿಂದ ಸೋತರು. ಕ್ಯಾನಿನ ನೀರನ್ನು ಮೈಲಪ್ಪ ಬೇವಿನ ಸಸಿಗೆ ಸುರಿದು, ಖಾಲಿ ಕ್ಯಾನುಗಳನ್ನು ತನ್ನ ಶೆಡ್ಡಿನಲ್ಲಿಟ್ಟುಕೊಂಡ. ಗಾಡಿ ಮತ್ತೆ ಮೂರು ತುಂಡಾಗಿ ರಾಣೆಬೆನ್ನೂರಿನ ಬಸ್ಸು ಹತ್ತಿತು. ಕಂಡಕ್ಟರು ಬಂದವನೇ ಕಾಲಿನಿಂದ ಗೋಣಿತಟ್ಟು ಮುಟ್ಟಿದ.

“ಇದಕ್ಕ ಲಗೇಜ್ ಆಗತೈತ್ರಿ.”

“ಯಾಕ ಆಗತೈತಿ?” ಎಂದರು ನೀಲಗಂಗವ್ವ. “ಬಿಡಿ ಬಿಡಿ ತೂಗಿದ್ರ ಒಂದೂ ಐದು ಕಿಲೋ ಇಲ್ಲ.”

“ಹಂಗಾರ ಏನ್ರಿ ಇದು?”

ಪಾಪ, ಅವನು ಕೇಳಿದ್ದು ಅಷ್ಟೇ. ಶಂಕ್ರಪ್ಪನವರು ಸೀಟಿನಲ್ಲಿ ತಿರುಗಿ ಕುಳಿತು ಮೊದಲನೆಯ ಕುಳಿಯಿಂದ ಆರಂಭಿಸಿದರು. ಯಾವ ಕೋಲು, ಎಷ್ಟು ಗಾಳಿ, ಚೆಂಡು ಎಲ್ಲಿ ಬಿತ್ತು, ಅಂದಾನೆಪ್ಪ ಏನಂದ. ಮುಂದಿನ ಸೀಟಿನವರು ಹೊರಳಿ ನೋಡಿದರು. ಹಿಂದಿನವರು ಎದ್ದು ಬಂದರು. ಕಂಡಕ್ಟರು ಕಂಬಕ್ಕೆ ಒರಗಿ, “ಆಮ್ಯಾಲೇನಾತ್ರಿ?” ಎಂದ. ನೀಲಗಂಗವ್ವ ಕಿಟಕಿಗೆ ತಲೆಯಾನಿಸಿ ಒಂದು ಸಣ್ಣ ನಿದ್ದೆ ತೆಗೆದರು.

ಎಚ್ಚರವಾದಾಗ ರಾಣೆಬೆನ್ನೂರು ಬಂದಿತ್ತು. ಲಗೇಜ್ ಚೀಟಿ ಹರಿಯುವುದನ್ನು ಕಂಡಕ್ಟರು ಮರೆತಿದ್ದ. ಶಂಕ್ರಪ್ಪನವರು ಇನ್ನೂ ನಾಲ್ಕನೆಯ ಕುಳಿಯಲ್ಲಿದ್ದರು.

“ಇಳೀರಿ ಇಳೀರಿ,” ಎಂದು ನೀಲಗಂಗವ್ವ ಕೋಲಿನ ಚೀಲವನ್ನು ಹೆಗಲಿಗೇರಿಸಿದರು. “ಉಳದ ಐದು ಮುಂದಿನ ಐತವಾರ ಹೇಳೀರಂತ.”